ನಡೆಯುವ ನಾಣ್ಯಕ್ಕೆ ಸಾಬೂನಿಲ್ಲ, ಟ್ರಂಕಿನ ನೋಟಿಗೆ ಹನ್ನೊಂದು ಲಕ್ಷ

ಭಾರತ ಸರ್ಕಾರ ಟಂಕಿಸಿದ, ರಿಸರ್ವ್ ಬ್ಯಾಂಕು ಚಲಾವಣೆಗೆ ಬಿಟ್ಟ, ಥಳಥಳ ಹೊಳೆಯುವ ಹತ್ತು ರೂಪಾಯಿಯ ನಾಣ್ಯ ಕೊಟ್ಟರೆ ನಮ್ಮ ಗೊರೇಬಾಳದ ಕಡೆ ಒಂದು ಸಾಬೂನು ಸಿಗುವುದಿಲ್ಲ. ಆದರೆ ಅದೇ ಊರಿನ ಒಂದು ಕಬ್ಬಿಣದ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆ ವಾಸನೆ ಹೊಡೆಯುತ್ತ ಮಲಗಿರುವ ಐದು ರೂಪಾಯಿಯ ಹಳೇ ನೋಟಿಗೆ ಹನ್ನೊಂದು ಲಕ್ಷ ಬರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನಂಬಿಕೆಗೆ ಆಧಾರ ಮೊಬೈಲಿನಲ್ಲಿ ಬಂದ ಒಂದು ವಿಡಿಯೊ. ಭಾರತ ಸರ್ಕಾರದ ಮುದ್ರೆಗೆ ಸಿಗದ ಮರ್ಯಾದೆ ಆ ವಿಡಿಯೊದಲ್ಲಿ ಟೈ ಕಟ್ಟಿಕೊಂಡು ಕೂತವನಿಗೆ ಸಿಕ್ಕಿದೆ.

ಮೊದಲು ನಮ್ಮೂರ ಕಿರಾಣಿ ಅಂಗಡಿಯ ಸೆಟ್ರು ಮತ್ತು ಹತ್ತರ ನಾಣ್ಯದ ಕಥೆ ಕೇಳಿ.

"ಸೆಟ್ರ, ಇದು ತಗೋರಿ."

"ಹತ್ತರ ಕಾಯಿನ್ ನಡಿಯಂಗಿಲ್ರಿ."

"ಯಾಕ ನಡಿಯಂಗಿಲ್ಲ? ಸರ್ಕಾರದ್ದ ಅಲ್ಲೇನು?"

"ಸರ್ಕಾರದ್ದ ಹೌದ್ರಿ. ನಾ ಬ್ಯಾಡ ಅನ್ನಂಗಿಲ್ಲ. ಸಿಂಧನೂರಾಗ ಹೋಲ್‌ಸೇಲ್‌ನವ್ರು ತಗೊಳಂಗಿಲ್ಲ."

ಸಿಂಧನೂರಿಗೆ ಹೋಗಿ ಹೋಲ್‌ಸೇಲ್‌ನವರನ್ನು ಕೇಳಿದರೆ, "ನಮಗೇನ್ರಿ, ಹಳ್ಳಿ ಮಂದಿ ತಗೊಳಂಗಿಲ್ಲ" ಅನ್ನುತ್ತಾರೆ. ಹಳ್ಳಿ ಮಂದಿಯನ್ನು ಕೇಳಿದರೆ ಸೆಟ್ರು ತಗೊಳ್ಳುವುದಿಲ್ಲ. ಇಡೀ ತಾಲ್ಲೂಕಿನಲ್ಲಿ ಆ ನಾಣ್ಯವನ್ನು ಬೇಡ ಅನ್ನುವವನು ಒಬ್ಬನೂ ಇಲ್ಲ. ಇನ್ನೊಬ್ಬ ಬೇಡ ಅನ್ನುತ್ತಾನೆ ಅನ್ನುವವರು ಮಾತ್ರ ಇದ್ದಾರೆ. ಇಷ್ಟು ಒಗ್ಗಟ್ಟು ಕಾಲುವೆ ನೀರಿನ ಹೋರಾಟದಲ್ಲಿ ಇದ್ದಿದ್ದರೆ ಕೆಳಭಾಗದ ಹೊಲಗಳು ಯಾವತ್ತೋ ಹಸಿರಾಗುತ್ತಿದ್ದವು.

ಸೆಟ್ರು ಸುಮ್ಮನೆ ಬೇಡ ಅನ್ನುವುದಿಲ್ಲ, ಅವರಿಗೆ ಪಾಂಡಿತ್ಯವಿದೆ. ನಾಣ್ಯವನ್ನು ಬೆರಳ ತುದಿಯಲ್ಲಿ ಹಿಡಿದು, ಬಲ್ಬಿನ ಕೆಳಗೆ ತಿರುವಿ, ಅಂಚಿನ ಹತ್ತಿರದ ಗೆರೆ ಎಣಿಸುತ್ತಾರೆ. ಹತ್ತು ಗೆರೆ ಇದ್ದು ರೂಪಾಯಿ ಚಿಹ್ನೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದು ಚಿಹ್ನೆ ಇಲ್ಲದಿದ್ದರೆ ನಕಲಿ. ಈ ಶಾಸ್ತ್ರ ಯಾವ ಗ್ರಂಥದಲ್ಲೂ ಇಲ್ಲ. ರೂಪಾಯಿಗೆ ಚಿಹ್ನೆ ಸಿಕ್ಕಿದ್ದೇ 2010ರ ಜುಲೈನಲ್ಲಿ, ಅದು ನಾಣ್ಯದ ಮೇಲೆ ಏರಿದ್ದು 2011ರಲ್ಲಿ. ಅದಕ್ಕೂ ಮೊದಲು ಟಂಕಿಸಿದ ಹತ್ತರ ನಾಣ್ಯದಲ್ಲಿ ಹುಟ್ಟದೇ ಇದ್ದ ಚಿಹ್ನೆಯನ್ನು ಎಲ್ಲಿಂದ ತರಬೇಕಿತ್ತು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಹತ್ತರ ನಾಣ್ಯ ಒಟ್ಟು 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಚಲಾವಣೆಯಲ್ಲಿವೆ ಎಂದು ಪ್ರಕಟಣೆ ಹೊರಡಿಸಿತು. ಸಂಶಯ ಇದ್ದವರಿಗೆಂದು 14440 ಎಂಬ ನಂಬರನ್ನೂ ಕೊಟ್ಟಿತು. ಆ ನಂಬರಿಗೆ ಗೊರೇಬಾಳದಿಂದ ಕರೆ ಹೋಗಿದ್ದನ್ನು ನಾನಂತೂ ಕಂಡಿಲ್ಲ. ಹನ್ನೊಂದು ಲಕ್ಷದ ವಿಡಿಯೊದ ಕೆಳಗಿದ್ದ ನಂಬರಿಗೆ ಮಾತ್ರ ಲೈನ್ ಸಿಗುವುದಿಲ್ಲ, ಅಷ್ಟು ಬಿಜಿ.

ಒಂದು ಮಾತು ಸೆಟ್ರ ಪರವಾಗಿ ಹೇಳಬೇಕು. ಒಂದೇ ಬೆಲೆಯ ಎರಡು ನಾಣ್ಯದ ನಡುವೆ ಗೆರೆ ಎಣಿಸಿ ಭೇದ ಹುಡುಕುವುದು ನಾಣ್ಯಶಾಸ್ತ್ರಜ್ಞರ ಕೆಲಸ. ಅದಕ್ಕೆಂದೇ ನಾಸಿಕದ ಹತ್ತಿರ ಅಂಜನೇರಿಯಲ್ಲಿ ಒಂದು ಸಂಶೋಧನಾ ಸಂಸ್ಥೆ ಇದೆ, ನಮ್ಮ ನಾಡಿನ ನಾಣ್ಯಗಳ ಬಗ್ಗೆ ಅ.ವ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಪುಸ್ತಕಗಳನ್ನೇ ಬರೆದಿದ್ದಾರೆ. ಸೆಟ್ರು ಅದನ್ನೆಲ್ಲ ಓದದೆ, ಶೇಂಗಾ ತೂಗುತ್ತಲೇ ಆ ಮಟ್ಟ ಮುಟ್ಟಿದ್ದಾರೆ. ವಿದ್ವಾಂಸರು ಭೇದ ಕಂಡರೆ ನಾಣ್ಯವನ್ನು ಜೋಪಾನ ಮಾಡುತ್ತಾರೆ, ಸೆಟ್ರು ವಾಪಸ್ ಕೊಡುತ್ತಾರೆ, ವ್ಯತ್ಯಾಸ ಅಷ್ಟೇ.

ಅಂದ ಹಾಗೆ ಗೊರೇಬಾಳ ಅಂದರೆ ಯಾವ ಗೊರೇಬಾಳ ಎಂದು ನೀವು ಕೇಳಬಹುದು. ಸಿಂಧನೂರು ಕಡೆಗೊಂದಿದೆ, ಲಿಂಗಸುಗೂರು ಕಡೆಗೊಂದಿದೆ. ಒಂದೇ ಅಚ್ಚಿನಲ್ಲಿ ಎರಡು ಬಿದ್ದಿರುವುದರಿಂದ ಅಪರೂಪದ ಪಟ್ಟಿಯಲ್ಲಿ ನಮ್ಮೂರಿಗೆ ಜಾಗವಿಲ್ಲ. ನಾನು ಬರೆಯುತ್ತಿರುವುದು ಎರಡಕ್ಕೂ ಹೊಂದುತ್ತದೆ, ಆದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ, ಅಥವಾ ಇಬ್ಬರೂ ಸಮನಾಗಿ ಮಾಡಿಕೊಳ್ಳಬಹುದು.

ಈಗ ಟ್ರಂಕಿಗೆ ಬರೋಣ. ಟ್ರಂಕು ಕಾಕಾನದು. ನೋಟು ಹಸಿರು ಬಣ್ಣದ ಐದು ರೂಪಾಯಿಯದು, ಹಿಂಬದಿಯಲ್ಲಿ ಒಬ್ಬ ರೈತ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆ. ಸಿಂಧನೂರು ಸೀಮೆಯವರಿಗೆ ಟ್ರ್ಯಾಕ್ಟರ್ ಬಗ್ಗೆ ಬೇರೆಯವರು ಹೇಳಬೇಕಿಲ್ಲ. ಪೇಟೆಯ ರಸ್ತೆ ತುಂಬ ಶೋರೂಮು, ಸುತ್ತಲ ಕ್ಯಾಂಪುಗಳ ಅಂಗಳದಲ್ಲೆಲ್ಲ ಟ್ರ್ಯಾಕ್ಟರು, ಪ್ರತಿ ಟ್ರ್ಯಾಕ್ಟರಿನ ಹಿಂದೆ ಒಂದು ಟ್ರಾಲಿ, ಅದರ ಹಿಂದೆ ಒಬ್ಬ ಫೈನಾನ್ಸಿನವನು.

"ತಮ್ಮಾ, ಇದರಾಗ ಟ್ರ್ಯಾಕ್ಟರ್ ಐತಿ ನೋಡು."

"ಐತಿ ಕಾಕಾ."

"ಹನ್ನೊಂದು ಲಕ್ಷ ಅಂತ. ಮುಂಬೈದಾಗ ಕಂಪನಿ ಐತಂತ."

"ಶೋರೂಮ್‌ನ್ಯಾಗಿನ ಟ್ರ್ಯಾಕ್ಟರೇ ಅದಕ್ಕಿಂತ ಸೋವಿ ಐತಲ್ಲ ಕಾಕಾ. ಅಷ್ಟು ಬೆಲಿ ಇದ್ದಿದ್ರ ಈ ನೋಟಿನ್ಯಾಗಿನ ರೈತ ಇನ್ನೂ ಯಾಕ ಉಳಕೋಂತ ಕುಂದರ್ತಿದ್ದ?"

ಕಾಕಾ ನನ್ನನ್ನು ನೋಡಿದ ನೋಟದಲ್ಲಿ ನಾನು ಹತ್ತರ ನಾಣ್ಯವಾಗಿದ್ದೆ.

ಆ ನೋಟು ಕೋಟಿಗಟ್ಟಲೆ ಅಚ್ಚಾಗಿದೆ. ಟ್ರ್ಯಾಕ್ಟರ್ ಚಿತ್ರ 1970ರ ದಶಕದ ಐದರ ನೋಟಿನಲ್ಲೂ ಇತ್ತು, ಆಮೇಲೆ ಬಂದ ಗಾಂಧಿ ಸರಣಿಯಲ್ಲೂ ಮುಂದುವರಿಯಿತು. ಈಗಲೂ ಅದು ಕಾನೂನುಬದ್ಧ ಹಣ. ಕಾನೂನಿನ ಲೆಕ್ಕದಲ್ಲಿ ಅದರ ಬೆಲೆ ಐದು ರೂಪಾಯಿ. ಸಂಗ್ರಹಕಾರರು ಗರಿಗರಿಯಾಗಿ, ಮಡಿಕೆ ಬೀಳದೆ, ವಿಶೇಷ ನಂಬರಿನೊಂದಿಗೆ ಇದ್ದ ನೋಟಿಗೆ ಒಂದಿಷ್ಟು ಹೆಚ್ಚು ಕೊಡುತ್ತಾರೆ, ನಿಜ. 786ರಲ್ಲಿ ಕೊನೆಯಾಗುವ ನಂಬರನ್ನು ಭಕ್ತಿಯಿಂದ ಕೊಳ್ಳುವವರೂ ಇದ್ದಾರೆ. ಕಾಕಾನ ನೋಟು ನಾಲ್ಕು ಮಡಿಕೆಯಾಗಿ, ಎಲೆಅಡಿಕೆ ಕಲೆ ಹತ್ತಿ, ಒಂದು ಮೂಲೆ ಹರಿದು ಸೆಲೊಟೇಪು ಅಂಟಿಸಿಕೊಂಡಿದೆ. "ಅದು ಹಳೇದು ಅನ್ನಾಕ ಸಾಕ್ಷಿ" ಅನ್ನುತ್ತಾನೆ ಕಾಕಾ.

ಕಾಕಾ ನೋಟು ತೆಗೆದ ಮೇಲೆ ಕಾಕಿ ಸುಮ್ಮನಿರುತ್ತಾಳೆಯೇ? ಅವಳೂ ತವರಿನಿಂದ ಬಂದ ರಾಣಿ ಛಾಪಿನ ಬೆಳ್ಳಿ ರೂಪಾಯಿ ತೆಗೆದಳು. ಇದು ಮಾತ್ರ ನೋಡುವಂಥ ವಸ್ತು. ವಿಕ್ಟೋರಿಯಾ ರಾಣಿಯ ತುರುಬಿನ ಗೀರುಗಳ ಸಂದಿಯಲ್ಲಿ ನೂರು ವರ್ಷದ ಕಪ್ಪು ಕೂತಿತ್ತು. ಆ ಕಪ್ಪಿನಿಂದಲೇ ಕೂದಲು ಎಳೆಎಳೆಯಾಗಿ ಎದ್ದು ಕಾಣುತ್ತಿತ್ತು. ಕಿರೀಟದ ಮೇಲೆ ಮಾತ್ರ ಒಂದು ಕೊಂಡಿ ಬೆಸೆದಿದ್ದರು, ಯಾವುದೋ ಕಾಲಕ್ಕೆ ಸರಕ್ಕೆ ಪೋಣಿಸಿದ್ದ ಗುರುತು, ಅದರಲ್ಲಿ ಇನ್ನೂ ಕೆಂಪು ದಾರದ ತುಣುಕು. ನಮ್ಮ ಕಡೆ ಬೆಳ್ಳಿ ರೂಪಾಯಿ ಹೆಚ್ಚಾಗಿ ಹೆಂಗಸರ ಕೊರಳಲ್ಲೇ ಬಾಳಿದೆ. ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಅವ್ವಂದಿರ ಮೈಮೇಲೆ ಜಾರ್ಜ್ ದೊರೆಗಳು ಸಾಲಾಗಿ ನೇತಾಡಿದ್ದಾರೆ. ಸಂಗ್ರಹಕಾರನಿಗೆ ಕೊಂಡಿ ಕಂಡರೆ ಅರ್ಧ ಜೀವ ಹೋಗುತ್ತದೆ. ಉಳಿದರ್ಧ ಹೋಗುವ ಕೆಲಸ ಕಾಕಿ ನನ್ನ ಕಣ್ಣೆದುರೇ ಮಾಡಿದಳು. ಬಟ್ಟಲಿನಲ್ಲಿ ಹುಣಸೆಹಣ್ಣು ಕಿವುಚಿ, ಬೂದಿ ಬೆರೆಸಿ, ತೆಂಗಿನ ನಾರಿನಿಂದ ರಾಣಿಯ ಮುಖ ತಿಕ್ಕಿದಳು. ಮೊದಲು ಕೆನ್ನೆ ಬೆಳಗಿತು, ಆಮೇಲೆ ಮೂಗು ಸವೆಯಿತು, ಕೊನೆಗೆ ತುರುಬಿನ ಎಳೆಗಳು ಒಂದಾಗಿ ನುಣುಪಾದ ಉಂಡೆ ಉಳಿಯಿತು.

"ಕಾಕೀ, ಆ ಕರಿ ಇದ್ರನ ಬೆಲಿ."

"ಹೊಲಸು ಇಟ್ಕೊಂಡು ಯಾರರ ಮಾರ್ತಾರೇನಪ್ಪ?"

ಉತ್ತರ ನನ್ನ ಬಳಿ ಇರಲಿಲ್ಲ. ಹೊಲಸಿಗೆ ಬೆಲೆ ಬರುವ ವ್ಯಾಪಾರ ಜಗತ್ತಿನಲ್ಲಿ ರಾಜಕೀಯ ಬಿಟ್ಟರೆ ಇದೊಂದೇ. ಆ ರೂಪಾಯಿಯ ತೂಕ 11.66 ಗ್ರಾಂ, ನೂರಕ್ಕೆ ತೊಂಬತ್ತೊಂದೂ ಮುಕ್ಕಾಲಿನಷ್ಟು ಬೆಳ್ಳಿ. ತಿಕ್ಕಿದ ಮೇಲೆ ಅದು ನಾಣ್ಯದ ಲೆಕ್ಕದಿಂದ ಇಳಿದು ಬೆಳ್ಳಿಯ ಲೆಕ್ಕಕ್ಕೆ ಬಂತು. ಪತ್ತಾರರ ತಕ್ಕಡಿಯಲ್ಲಿ ಅದಕ್ಕೆ ನ್ಯಾಯವಾದ ಬೆಲೆ ಇದೆ, ಅವಮಾನವೇನಲ್ಲ.

ಮುಂಬೈ ಕಂಪನಿಯ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಸಾವಕಾಶವಾಗಿ ಹೇಳಬೇಕು, ಏಕೆಂದರೆ ಇಡೀ ವ್ಯವಹಾರದಲ್ಲಿ ನಿಜವಾದ ಕಲೆ ಇರುವುದು ಇಲ್ಲೇ. ನೀವು ನೋಟಿನ ಫೋಟೊ ಕಳಿಸುತ್ತೀರಿ. ಎರಡು ನಿಮಿಷದಲ್ಲಿ ಉತ್ತರ: ಅಭಿನಂದನೆಗಳು, ನಿಮ್ಮ ನೋಟು ಹನ್ನೊಂದು ಲಕ್ಷಕ್ಕೆ ಆಯ್ಕೆಯಾಗಿದೆ. ನೋಟನ್ನು ಕೈಯಲ್ಲಿ ಹಿಡಿದು ನೋಡಿದ್ದಿಲ್ಲ, ಬೆಳಕಿಗೆ ಹಿಡಿದಿದ್ದಿಲ್ಲ. ಮಸ್ಕಿ ಸಂತೆಯಲ್ಲಿ ಒಂದು ಕುರಿ ಕೊಳ್ಳುವವನೂ ಹಲ್ಲು ನೋಡುತ್ತಾನೆ. ಆಮೇಲೆ ಒಂದು ಗುರುತಿನ ಚೀಟಿ ಬರುತ್ತದೆ, ಅದರ ಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆ. ಆಮೇಲೆ ನೋಟಿನ ಕಟ್ಟುಗಳ ವಿಡಿಯೊ, "ನಿಮ್ಮ ಹಣ ಪ್ಯಾಕ್ ಆಗುತ್ತಿದೆ." ಆಮೇಲೆ ರಿಜಿಸ್ಟ್ರೇಶನ್ ಫೀಸು. ಸಣ್ಣ ಮೊತ್ತ, ಹನ್ನೊಂದು ಲಕ್ಷದ ಮುಂದೆ ಅದೇನು ಲೆಕ್ಕ! ಅದು ಹೋದ ಮೇಲೆ ಜಿಎಸ್‌ಟಿ. ಅದರ ಹಿಂದೆ ಆದಾಯ ತೆರಿಗೆ. ಹಣ ತರುವ ಗಾಡಿಗೆ ವಿಮೆ. ಗಾಡಿ ಸೊಲ್ಲಾಪುರದಲ್ಲಿ ಪೊಲೀಸರ ಕೈಗೆ ಸಿಕ್ಕಿದೆ, ಬಿಡಿಸಲು ಒಂದಿಷ್ಟು. ಕೊನೆಗೆ ನಂಬರ್ ಸ್ವಿಚ್ ಆಫ್.

ಇಷ್ಟು ಕ್ರಮಬದ್ಧವಾಗಿ ತೆರಿಗೆ ವಸೂಲಿ ಮಾಡುವ ಇಲಾಖೆ ಸರ್ಕಾರದಲ್ಲಿ ಇದ್ದಂತಿಲ್ಲ. ಪಂಚಾಯಿತಿ ಬಿಲ್ ಕಲೆಕ್ಟರ್ ಮನೆ ತೆರಿಗೆಗೆ ಬಂದರೆ "ಮುಂದಿನ ವಾರ ಬಾ" ಅನ್ನುವ ಕಾಕಾ, ಕಾಣದ ಕಂಪನಿಗೆ ಜಿಎಸ್‌ಟಿ ಕಟ್ಟಲು ಅಂಗಡಿಯ ಹುಡುಗನ ಕೈಯಲ್ಲಿ ಫೋನ್ ಪೇ ಮಾಡಿಸುತ್ತಾನೆ. ನೋಟಿಗಾಗಿ ನೋಟು ಬಿಟ್ಟವನು ಕಾಕಾ ಒಬ್ಬನೇ ಅಲ್ಲ, ದೇಶದ ತುಂಬ ಇದ್ದಾರೆ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಡಬೇಕಾಯಿತು: ಹಳೆಯ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರ ನಮ್ಮದಲ್ಲ, ಅದಕ್ಕೆಂದು ನಾವು ಯಾವ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ, ನಮ್ಮ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಇದನ್ನು ಕಾಕಾನಿಗೆ ಓದಿ ಹೇಳಿದೆ. "ರಿಸರ್ವ್ ಬ್ಯಾಂಕಿಗೆ ಹೊಟ್ಟಿಕಿಚ್ಚು" ಅಂದ.

ಹಾಗಾದರೆ ನಾಣ್ಯಕ್ಕೆ ಲಕ್ಷ ಬರುವುದೇ ಇಲ್ಲವೇ? ಬರುತ್ತದೆ, ಅದೇ ತಮಾಷೆ. ಅಮೆರಿಕದವರು 1933ರಲ್ಲಿ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ 4,45,500 ಟಂಕಿಸಿ, ಚಲಾವಣೆಗೆ ಬಿಡದೆ ಹೆಚ್ಚುಕಮ್ಮಿ ಎಲ್ಲವನ್ನೂ ಕರಗಿಸಿಬಿಟ್ಟರು. ಕಳ್ಳಹಾದಿಯಲ್ಲಿ ಹೊರಬಿದ್ದ ಕೆಲವನ್ನೂ ಸರ್ಕಾರ ಬೆನ್ನಟ್ಟಿ ಹಿಡಿಯಿತು. ಖಾಸಗಿಯವರು ಇಟ್ಟುಕೊಳ್ಳಬಹುದು ಎಂದು ಒಪ್ಪಿದ್ದು ಒಂದೇ ಒಂದಕ್ಕೆ. ಅದು 2021ರ ಜೂನ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹೋಯಿತು. ಮಾರಿದವರು ಹೆಣ್ಣುಮಕ್ಕಳ ಪಾದರಕ್ಷೆ ವಿನ್ಯಾಸ ಮಾಡಿ ಹೆಸರಾದವರು. ಬೆಲೆ ಬಂದದ್ದು ಚಿನ್ನಕ್ಕಲ್ಲ, ಉಳಿದೆಲ್ಲವೂ ಕರಗಿದ್ದಕ್ಕೆ.

ನಮ್ಮಲ್ಲೂ ಇಂಥದ್ದಿದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಕೆತ್ತಿದ ಪುಟ್ಟ ಆನೆಯ ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗುಲ್ಲೆದ್ದಿತು. ಸುಮಾರು 94 ಲಕ್ಷ ಟಂಕಿಸಿದ್ದರಲ್ಲಿ ಹೊರಬಿದ್ದಿದ್ದು ಏಳು ಲಕ್ಷದಷ್ಟು, ಉಳಿದದ್ದು ಕುಲುಮೆಗೆ. ಮರುವರ್ಷ ಆನೆಗೆ ಸರಿಯಾದ ಸೊಂಡಿಲು ಬಂತು. ಇವತ್ತು ಸಂಗ್ರಹಕಾರರು ಹುಡುಕುವುದು ಹಂದಿ ರೂಪಾಯಿಯನ್ನೇ. ಸರಿಯಾದ ಆನೆಗೆ ಅಷ್ಟು ಮರ್ಯಾದೆಯಿಲ್ಲ.

ಸರ್ಕಾರದ ತಪ್ಪಿಗೆ ಪ್ರಜೆಗೆ ಲಾಭವಾಗುವ ಏಕೈಕ ಕ್ಷೇತ್ರ ಈ ನಾಣ್ಯ ಸಂಗ್ರಹ. ಅಚ್ಚು ಜಾರಿ ಚಿತ್ರ ಅರ್ಧ ಬಿದ್ದರೆ, ತಿರುವುಮುರುವಾದರೆ, ಹತ್ತರ ಮುದ್ರೆ ಎರಡರ ಬಿಲ್ಲೆಯ ಮೇಲೆ ಕೂತರೆ ಅದಕ್ಕೆ ಹರಾಜಿನಲ್ಲಿ ಕೈ ಏಳುತ್ತವೆ. ಅದೇ ಸರ್ಕಾರ ನಿಮ್ಮ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪು ಅಚ್ಚು ಹಾಕಲಿ, ನೋಡಿ. ಆ ಅಪರೂಪದ ಪ್ರತಿಯನ್ನು ಹಿಡಿದು ತಹಸೀಲ್ದಾರ್ ಕಚೇರಿಗೆ ಎಷ್ಟು ಚಪ್ಪಲಿ ಸವೆಸುತ್ತೀರೋ ನೀವೇ ಲೆಕ್ಕ ಹಾಕಿ. ಒಬ್ಬ ಸಂಗ್ರಹಕಾರನೂ ಮುಂದೆ ಬರುವುದಿಲ್ಲ.

ಹಳತಾದರೆ ಬೆಲೆ ಎಂಬ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಆದರೆ ಎರಡು ಸಾವಿರ ವರ್ಷದ ರೋಮನ್ ತಾಮ್ರದ ಕಾಸು ಒಂದು ಒಳ್ಳೆಯ ಊಟದ ಬೆಲೆಗೆ ಸಿಗುತ್ತದೆ, ಅಷ್ಟು ರಾಶಿ ಇವೆ. ವಿಜಯನಗರದ ಸವೆದ ತಾಮ್ರದ ನಾಣ್ಯವೂ ಹಾಗೆಯೇ. ತೊಂಬತ್ತು ವರ್ಷವೂ ಆಗದ ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿಗೆ ಮಾತ್ರ ಸಂಗ್ರಹಕಾರರು ಬಾಯಿ ಬಿಡುತ್ತಾರೆ, ಏಕೆಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ಕಡಿಮೆ ಇದ್ದ ಮಾತ್ರಕ್ಕೂ ಆಗಲಿಲ್ಲ, ಬೇಕು ಅನ್ನುವವನು ಇರಬೇಕು. ನಮ್ಮ ತಾತ ಕೈಯಾರೆ ಬರೆದ ಸಾಲದ ಚೀಟಿ ಜಗತ್ತಿನಲ್ಲಿ ಒಂದೇ ಪ್ರತಿ ಇದೆ. ಯಾರೂ ಕೇಳಿಲ್ಲ, ಸಾಲ ಕೊಟ್ಟವನ ಮೊಮ್ಮಗನನ್ನು ಬಿಟ್ಟು.

ನಾಣ್ಯಗಳ ಕ್ಯಾಟಲಾಗಿನಲ್ಲಿ ಬೆಲೆ ಬರೆದಿದೆ ಎಂದು ವಾದ ಮಾಡುವವರಿಗೆ ಭತ್ತದ ಬೆಂಬಲ ಬೆಲೆ ನೆನಪಿಸುತ್ತೇನೆ. 2025–26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ ಎಂದು ಕೇಂದ್ರ ಸರ್ಕಾರ ಅಚ್ಚು ಹಾಕಿಸಿತ್ತು. ಕಣದಲ್ಲಿ ರಾಶಿ ಬಿದ್ದು, ಮೋಡ ಕವಿದು, ವ್ಯಾಪಾರಿ ಮುಷ್ಟಿಯಲ್ಲಿ ಕಾಳು ಹಿಡಿದು "ಹಸಿ ಐತಿ" ಅಂದಾಗ ಯಾವ ಬೆಲೆ ಸಿಗುತ್ತದೋ ಅದೇ ಬೆಲೆ. ಕ್ಯಾಟಲಾಗು ನಾಣ್ಯದ ಬೆಂಬಲ ಬೆಲೆ. ಖರೀದಿ ಕೇಂದ್ರ ತೆರೆದಿರುವುದಿಲ್ಲ.

ಬೇಜಾರಿನ ಸಂಗತಿ ಏನೆಂದರೆ, ರೊಕ್ಕದ ವಿಷಯದಲ್ಲಿ ನಮ್ಮ ಸೀಮೆಯವರು ಇಷ್ಟು ಮಂಕಾಗಿರಲಿಲ್ಲ. ನಾವು ಒಂದು ಕಾಲಕ್ಕೆ ನಿಜಾಮನ ಪ್ರಜೆಗಳು. ನಮ್ಮ ತಾತಂದಿರ ಕಾಲದಲ್ಲಿ ಇಲ್ಲಿ ಹಾಲಿ ಸಿಕ್ಕಾ, ಚಾರ್‌ಮಿನಾರಿನ ಚಿತ್ರ ಇದ್ದ ರೂಪಾಯಿ. ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ ಕಾಲಿಟ್ಟರೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. ಆರು ಕಲ್ದಾರ್‌ಗೆ ಏಳು ಹಾಲಿ ಎಂಬುದು ಸರ್ಕಾರಿ ದರ. ಹೊಳೆಯ ಈ ದಂಡೆಯಲ್ಲಿ ಎತ್ತು ಮಾರಿ ಆ ದಂಡೆಯಲ್ಲಿ ಬಟ್ಟೆ ಕೊಳ್ಳುವವನು ಬಾಯಲ್ಲೇ ಇದರ ಲೆಕ್ಕ ಮಾಡುತ್ತಿದ್ದ, ಒಂದು ಕಾಸೂ ಮೋಸ ಹೋಗುತ್ತಿರಲಿಲ್ಲ. ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ಸದ್ದು ಕೇಳುತ್ತಿದ್ದ, ಹಲ್ಲಿನಲ್ಲಿ ಕಚ್ಚುತ್ತಿದ್ದ. 1948ರ ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮನ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಎರಡೂ ನಾಣ್ಯ ಕೈಯಿಂದ ಕೈಗೆ ಓಡಾಡಿದವು. ಅಕ್ಷರ ಬಾರದ ತಾತ ಎರಡು ರಾಜ್ಯದ ನಾಣ್ಯ ಸಂಭಾಳಿಸಿದ. ಡಿಗ್ರಿ ಓದಿದ ಮೊಮ್ಮಗನಿಗೆ ಒಂದು ದೇಶದ ಹತ್ತು ರೂಪಾಯಿ ಅರ್ಥವಾಗುತ್ತಿಲ್ಲ.

ನಿಜಾಮನ ಹೆಸರು ಬಂದ ಮೇಲೆ ಆ ಮನೆತನದ ದೊಡ್ಡ ನಾಣ್ಯದ ವಿಷಯ ಹೇಳದೆ ಇರಲಾಗದು. ಜಹಾಂಗೀರ್ ಬಾದಶಹ 1613ರಲ್ಲಿ ಟಂಕಿಸಿದ ಸಾವಿರ ಮೊಹರಿನ ಚಿನ್ನದ ನಾಣ್ಯ, ತೂಕ ಸುಮಾರು ಹನ್ನೆರಡು ಕಿಲೊ. ಅದು ನಿಜಾಮರ ಖಜಾನೆಯಲ್ಲಿತ್ತು. 1987ರಲ್ಲಿ ಜಿನೀವಾದಲ್ಲಿ ಹರಾಜಿಗೆ ಬಂದಿದೆ ಎಂದು ಸುದ್ದಿಯಾಗಿ ಸಿಬಿಐ ಬೆನ್ನು ಹತ್ತಿತು. ಇವತ್ತಿಗೂ ಕೈಗೆ ಸಿಕ್ಕಿಲ್ಲ. ಹನ್ನೆರಡು ಕಿಲೊ ನಾಣ್ಯ ಕಳೆದುಕೊಂಡ ದೇಶದಲ್ಲಿ ಕಾಕಾನ ಐದರ ನೋಟನ್ನು ಮಾತ್ರ ಮುಂಬೈ ಕಂಪನಿ ಗೊರೇಬಾಳದವರೆಗೂ ಬಂದು ಹುಡುಕಿ ಹಿಡಿದಿದೆ. ಅದೇ ನಿಜಾಮರಿಗೆಂದು ಇಂಗ್ಲೆಂಡಿನಲ್ಲಿ ಅಚ್ಚಾದ ನೋಟುಗಳು 1922ರಲ್ಲಿ 'ಈಜಿಪ್ಟ್' ಎಂಬ ಹಡಗಿನ ಜೊತೆ ಫ್ರಾನ್ಸಿನ ಕರಾವಳಿಯಾಚೆ ಮುಳುಗಿದವು. ಹತ್ತು ವರ್ಷದ ಮೇಲೆ ಹಡಗಿನ ಚಿನ್ನ ಎತ್ತುವಾಗ ಅವೂ ಮೇಲೆ ಬಂದವು. ಒಂದು ಚಿಟಿಕೆ ಉಪ್ಪನ್ನೂ ಕೊಳ್ಳದ ಆ ನೋಟುಗಳನ್ನು ಸಂಗ್ರಹಕಾರರು ಇಂದಿಗೂ ಹಂಬಲಿಸಿ ಕೊಳ್ಳುತ್ತಾರೆ.

ನಮ್ಮಲ್ಲಿ ಇರುವ ನಿಜವಾದ ಅಪರೂಪದ ವಸ್ತು ಮಸ್ಕಿಯ ಗುಡ್ಡದಲ್ಲಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್, ನಿಜಾಮನ ಸೀಮೆಯಲ್ಲಿ ಚಿನ್ನ ಹುಡುಕುತ್ತ ಬಂದವನು, ಒಂದು ಬಂಡೆಯ ಮೇಲೆ ಬರಹ ಕಂಡ. ಅಲ್ಲಿಯವರೆಗೆ ಶಾಸನಗಳ 'ದೇವಾನಾಂಪ್ರಿಯ' ಯಾರು ಎಂದು ವಿದ್ವಾಂಸರು ತರ್ಕ ಮಾಡುತ್ತಿದ್ದರು. ಈ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಗಳಲ್ಲೂ ಹೆಸರು ಸಿಕ್ಕಿತು. ಮಸ್ಕಿ ಒಂಟಿಯಾಗಿ ಉಳಿಯಲಿಲ್ಲ, ಆದರೆ ಅದರ ತೂಕವೇನೂ ಇಳಿಯಲಿಲ್ಲ. ಚಿನ್ನ ಹುಡುಕಿ ಬಂದವನಿಗೆ ಚಕ್ರವರ್ತಿ ಸಿಕ್ಕ. ನಮ್ಮವರಿಗೆ ಹಿತ್ತಲ ಗಿಡ ಮದ್ದಲ್ಲ. ಆ ಬಂಡೆಯ ಫೋಟೊ ತೆಗೆದು ಮುಂಬೈ ಕಂಪನಿಗೆ ಕಳಿಸಿದರೆ ಎಷ್ಟು ಕೊಡುತ್ತಾರೆ ಎಂದು ಕೇಳಿದ ಹುಡುಗನನ್ನು ಕಂಡಿದ್ದೇನೆ. ಅವನು ತಮಾಷೆಗೆ ಕೇಳಿರಲಿಲ್ಲ.

ನಾಣ್ಯದ ಮೋಸಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯದು ಅಕ್ಕಿ ಎಳೆಯುವ ನಾಣ್ಯ. ಇದಕ್ಕೆ 'ರೈಸ್ ಪುಲ್ಲಿಂಗ್' ಎಂದು ಹೆಸರು. ನಮ್ಮ ರಾಜ್ಯದಲ್ಲೂ ನೆರೆಯ ಆಂಧ್ರ, ತೆಲಂಗಾಣಗಳಲ್ಲೂ ಪೊಲೀಸರು ಇಂಥ ತಂಡಗಳನ್ನು ಹಿಡಿದಿದ್ದಾರೆ. ಸಾಮಾನು ಸಾಮಾನ್ಯವಾಗಿ ಒಂದು ತಾಮ್ರದ ಚೊಂಬು, ಇಲ್ಲವೇ 1818 ಎಂದು ಕೆತ್ತಿದ, ಒಂದು ಬದಿ ರಾಮ ಸೀತೆ ಹನುಮಂತ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ ಎಂದು ಬರೆದ ಬಿಲ್ಲೆ. ಕಂಪನಿ ಸರ್ಕಾರ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ಅವು ಆಮೇಲೆ ಯಾರೋ ಪೇಟೆಯಲ್ಲಿ ಬಡಿದ ತಗಡು. ಆದರೆ ಈ ಬಿಲ್ಲೆಗೆ ಸಿಡಿಲು ಹೊಡೆದು ಇರಿಡಿಯಂ ಸೇರಿದೆಯಂತೆ, ಹತ್ತಿರ ಇಟ್ಟರೆ ಅಕ್ಕಿಯನ್ನು ಸೆಳೆಯುತ್ತದೆಯಂತೆ, ನಾಸಾದವರು ಕೋಟಿಗಟ್ಟಲೆ ಕೊಡುತ್ತಾರಂತೆ. ಪರೀಕ್ಷೆಗೆ ಬರುವ 'ವಿಜ್ಞಾನಿ' ತಲೆಯಿಂದ ಕಾಲಿನವರೆಗೆ ಬಿಳಿ ದಿರಿಸು ತೊಟ್ಟಿರುತ್ತಾನೆ, ಅವನ ಪರೀಕ್ಷೆಯ ಫೀಸೇ ಲಕ್ಷಗಳಲ್ಲಿ. ಅಕ್ಕಿಗೆ ಮೊದಲೇ ಕಬ್ಬಿಣದ ಪುಡಿ ಸವರಿ, ಬಿಲ್ಲೆಯ ಒಳಗೆ ಅಯಸ್ಕಾಂತ ಇಟ್ಟಿದ್ದರೆ ಸೆಳೆಯದೆ ಏನು ಮಾಡುತ್ತದೆ?

ಭತ್ತದ ಕಣಜ ಎಂದು ಹೆಸರಾದ ಸೀಮೆಗೆ ಅಕ್ಕಿ ಎಳೆಯುವ ನಾಣ್ಯ ತಂದು ಮಾರುವ ಧೈರ್ಯಕ್ಕೆ ಮೆಚ್ಚಬೇಕು. ಅದು ನಿಜವೇ ಆಗಿದ್ದರೆ ಮೊದಲು ಕೊಳ್ಳಬೇಕಾದವರು ನಮ್ಮ ರೈಸ್ ಮಿಲ್ಲಿನವರು. ಗೋಡೌನಿನ ಬಾಗಿಲಲ್ಲಿ ಒಂದು ಬಿಲ್ಲೆ ತೂಗುಹಾಕಿದರೆ ಸಾಕು, ಸೋನಾ ಮಸೂರಿ ತಾನೇ ನಡೆದು ಬಂದು ಲಾರಿ ಹತ್ತಬೇಕು. ಹಮಾಲರು ಇನ್ನೂ ಬೆನ್ನಿನ ಮೇಲೆ ಚೀಲ ಹೊರುತ್ತಿದ್ದಾರೆ ಅಂದರೆ ನಾಸಾದವರೇ ಎಲ್ಲ ಬಿಲ್ಲೆ ಕೊಂಡುಕೊಂಡಿರಬೇಕು.

ಬಿಲ್ಲೆ ಸಿಗದವರು ನೆಲ ಅಗೆಯುತ್ತಾರೆ. ರಾಯಚೂರು, ಮುದಗಲ್ಲಿಗಾಗಿ ಬಹಮನಿಯವರೂ ವಿಜಯನಗರದವರೂ ಬಡಿದಾಡಿದ ನೆಲ ಇದು, ಓಡುವವರು ಹೂತಿಟ್ಟು ಓಡಿರುತ್ತಾರೆ ಎಂಬ ಲೆಕ್ಕ. ಅಮಾವಾಸ್ಯೆ ರಾತ್ರಿ ಹಾಳುಗುಡಿಯ ಬಸವಣ್ಣನ ಕೆಳಗೆ ಹಾರೆ ಇಳಿಯುತ್ತದೆ. ವರಹ ಸಿಗುವುದಿಲ್ಲ, ಬಸವಣ್ಣನೂ ಉಳಿಯುವುದಿಲ್ಲ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. 1962ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ಅದನ್ನು ದೇಶದಾಚೆ ಮಾರುವಂತಿಲ್ಲ. ವಿದೇಶಿ ಕಂಪನಿ ಕೋಟಿ ಕೊಡುತ್ತದೆ ಅನ್ನುವವರು ಈ ಕಾಯ್ದೆಯ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ.

ನಾಕಾಣೆಗೂ ಈಗ ಲಕ್ಷವಂತೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯನ್ನು ಸರ್ಕಾರ 2011ರ ಜೂನ್ 30ಕ್ಕೆ ಮುಗಿಸಿತು. ಬದುಕಿದ್ದಾಗ ಭಿಕ್ಷುಕರೂ ಮುಖ ತಿರುಗಿಸುತ್ತಿದ್ದರು, ಸತ್ತ ಮೇಲೆ ಬೆಲೆ ಬಂತು. ನಮ್ಮಲ್ಲಿ ಸಾಹಿತಿಗಳಿಗೆ ಇರುವ ಪದ್ಧತಿ ಪಾಪ ನಾಕಾಣೆಗೂ ಅನ್ವಯವಾಗಿದೆ.

ಮನೆಯಲ್ಲಿ ಹಳೇ ನಾಣ್ಯ ಇದ್ದವರು ದಯವಿಟ್ಟು ತಿಕ್ಕಬೇಡಿ, ಕೊಂಡಿ ಬೆಸೆಸಬೇಡಿ, ಒಣ ಕಾಗದದಲ್ಲಿ ಸುತ್ತಿಡಿ. ಬೆಳ್ಳಿಯದಾದರೆ ಪತ್ತಾರರಲ್ಲಿ ತೂಗಿಸಿ ಕನಿಷ್ಠ ಬೆಲೆ ತಿಳಿದುಕೊಳ್ಳಿ. ನಿಜವಾಗಿ ಕೊಳ್ಳುವವನು ನಾಣ್ಯ ನೋಡಿ ನಿಮಗೆ ರೊಕ್ಕ ಕೊಡುತ್ತಾನೆ, ನಿಮ್ಮಿಂದ ಮೊದಲು ಕೇಳುವುದಿಲ್ಲ. ಫೀಸು, ಜಿಎಸ್‌ಟಿ, ವಿಮೆ ಎಂದು ಈಗಾಗಲೇ ಕಟ್ಟಿದ್ದರೆ ಊರಿಗೆ ತಿಳಿದರೆ ನಾಚಿಕೆ ಎಂದು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಕಳ್ಳರ ಖಾತೆಯಿಂದ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಹೆಚ್ಚು.